ಬಲಗಡೆ ಕಷಾಯ, ಎಡಗಡೆ ಬಾಟಲಿ

ಬೇರೆ ಡಾಕ್ಟರ ಹತ್ತಿರ ಸುಳ್ಳು ಹೇಳಬಹುದು. ಹೊಟ್ಟೆನೋವಿನ ಡಾಕ್ಟರು ನಿನ್ನೆ ಏನು ತಿಂದಿರಿ ಎಂದು ಕೇಳಿದರೆ, ಮಂಡಕ್ಕಿ ಮಿರ್ಚಿ ತಿಂದವನು ಮೊಸರನ್ನ ತಿಂದೆ ಎಂದು ಹೇಳಿ ಪಾರಾಗಬಹುದು. ಸಕ್ಕರೆ ಕಾಯಿಲೆಯವರೆಲ್ಲ ಡಾಕ್ಟರ ಮುಂದೆ ಹೇಳುವುದು ನಿಜವೇ ಆಗಿದ್ದರೆ ನಮ್ಮೂರಿನ ಸ್ವೀಟ್ ಅಂಗಡಿಗಳು ಇಷ್ಟು ಹೊತ್ತಿಗೆ ಬಾಗಿಲು ಹಾಕಬೇಕಿತ್ತು. ಆದರೆ ಹಲ್ಲಿನ ಡಾಕ್ಟರ ಮುಂದೆ ಈ ಆಟ ನಡೆಯುವುದಿಲ್ಲ. ಅವರು ಮೊದಲು ಬಾಯಿ ತೆಗೆಸುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ತೆರೆದ ಬಾಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ಒಳಗೆ ಕನ್ನಡಿ, ಕೊಕ್ಕೆ, ನೀರು ಹೀರುವ ಕೊಳವೆ ಇರುವಾಗ ನಿಜ ಹೇಳಲೂ ಬರುವುದಿಲ್ಲ. ಅದಕ್ಕೇ ನಾನು ಇಷ್ಟು ವರ್ಷ ಆ ಉದ್ದನೆಯ ಕುರ್ಚಿಯಿಂದ ದೂರವೇ ಉಳಿದಿದ್ದೆ. ತಲೆ ನರೆತು, ಮಗಳ ಮದುವೆ ಮುಗಿದ ಮೇಲೆ ಆ ಕುರ್ಚಿಯ ಮೇಲೆ ಅಂಗಾತ ಮಲಗುವ ಯೋಗ ಬಂತು.

ನಾನು ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವವನು. ಲೆಕ್ಕ ಬರೆಯುವವನಲ್ಲ, ತೂಕ ಹಾಕುವವನೂ ಅಲ್ಲ, ಅಡಿಕೆ ನೋಡುವವನು. ರೈತರು ಚೀಲ ತಂದು ಇಳಿಸಿದರೆ ನಾನು ಮೊಣಕೈವರೆಗೆ ಕೈ ತೂರಿಸಿ, ತಳದಲ್ಲಿರುವ ನಾಲ್ಕು ಅಡಿಕೆ ಹೊರಗೆ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ, ಬಣ್ಣ ನೋಡಿ, ಮೂಸಿ, ಒಂದು ಚೂರನ್ನು ಮುಂದಿನ ಹಲ್ಲಿನಲ್ಲಿ ಕಡಿದು, ಇದು ಈ ಸಲದ್ದು, ಇದು ಹಳೆಯದು, ಇದು ಸರಿಯಾಗಿ ಒಣಗಿಲ್ಲ ಎಂದು ಹೇಳಬೇಕು. ನಾನು ಹೇಳಿದ್ದನ್ನು ಮಂಡಿಯ ಮಾಲೀಕರು ಒಪ್ಪುತ್ತಾರೆ, ರೈತರು ಒಪ್ಪುವುದಿಲ್ಲ. ಏನೇ ಆಗಲಿ, ಬಡಗಿಗೆ ಉಳಿ ಇದ್ದ ಹಾಗೆ ನನಗೆ ನನ್ನ ಹಲ್ಲು. ಆ ಉಳಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನೆ ಮಲಗಿಕೋ ಎಂದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ?

ಕಸುಬಿಗೆ ಕಡಿಯುವುದು ಬೇರೆ, ಖುಷಿಗೆ ಜಗಿಯುವುದು ಬೇರೆ. ಖುಷಿಗೆಂದು ನನ್ನ ಹತ್ತಿರ ಒಂದು ಎಲೆ ಅಡಿಕೆ ಸಂಚಿ ಇದೆ, ಅಲ್ಲ, ಇತ್ತು. ಮದುವೆಯಲ್ಲಿ ಜಗಳೂರಿನ ನನ್ನ ಮಾವನವರು ಕೊಟ್ಟದ್ದು. ವಾಚು ಕೊಡುತ್ತೇವೆ ಎಂದಿದ್ದರು, ಸಂಚಿ ಕೊಟ್ಟರು. ಆಗ ಬೇಜಾರಾಗಿದ್ದು ನಿಜ. ಆದರೆ ವಾಚು ಕಟ್ಟಿಕೊಂಡ ನನ್ನ ಗೆಳೆಯರ ವಾಚುಗಳೆಲ್ಲ ಕೆಟ್ಟು ಮೂಲೆ ಸೇರಿದ ಮೇಲೂ ನನ್ನ ಸಂಚಿ ನಡೆಯುತ್ತಲೇ ಇತ್ತು. ಕೆಂಪು ಬಟ್ಟೆ, ಬಾಯಿಗೆ ಹಗ್ಗ, ಒಳಗೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಜೇಬು. ಮಂಡಿಯಲ್ಲಿ ಸಂಚಿ ಬಿಚ್ಚದೆ ಯಾರೂ ಮಾತು ಶುರು ಮಾಡುವುದಿಲ್ಲ. ರೇಟು ಬಿದ್ದಿದೆ ಎಂದು ಹೇಳಬೇಕಾದರಂತೂ ಮೊದಲು ಎದುರಿನವರ ಬಾಯಿಗೆ ಎಲೆ ಅಡಿಕೆ ಹಾಕಿಸಬೇಕು, ಬಾಯಿ ತುಂಬಿದ್ದರೆ ಬೈಗುಳ ಕಡಿಮೆ. ನನ್ನ ಎಲ್ಲ ಫೋಟೊಗಳಲ್ಲೂ ಎಡಗೆನ್ನೆ ಸ್ವಲ್ಪ ಊದಿಕೊಂಡಿರುತ್ತದೆ. ಮದುವೆಯ ಫೋಟೊ, ಮಗಳ ನಾಮಕರಣದ ಫೋಟೊ, ಎಲ್ಲದರಲ್ಲೂ ಅದೇ ಕಥೆ. ಆಧಾರ್ ಕಾರ್ಡಿಗೆ ಫೋಟೊ ತೆಗೆಯುವವರು ಬಾಯಲ್ಲಿರುವುದನ್ನು ಉಗುಳಿ ಬನ್ನಿ ಎಂದರು. ಉಗುಳಿ ಬಂದೆ. ಆದರೂ ಕೆನ್ನೆ ಹಾಗೇ ಇತ್ತು.

ತೊಂದರೆ ಶುರುವಾದದ್ದು ಒಂದು ಸೀಬೆಹಣ್ಣಿನಿಂದ. ಹಣ್ಣು ಕಚ್ಚಿದೆ, ಬಿಳಿಯ ತಿರುಳಿನ ಮೇಲೆ ಕೆಂಪು. ನನ್ನ ವಸಡಿನಿಂದ ಎಷ್ಟು ತಿಂಗಳಿಂದ ರಕ್ತ ಬರುತ್ತಿತ್ತೋ ದೇವರೇ ಬಲ್ಲ. ಮೊದಲೇ ಕೆಂಪು ಉಗುಳುವವನಿಗೆ ಯಾವುದು ರಕ್ತ, ಯಾವುದು ಎಲೆ ಅಡಿಕೆ ಎಂದು ಗೊತ್ತಾಗುವುದು ಹೇಗೆ? ನಾನು ಸೀಬೆಹಣ್ಣೇ ಒಳಗೆ ಕೆಂಪಿರುವ ಜಾತಿ ಎಂದು ವಾದಿಸಿ ನೋಡಿದೆ. ನನ್ನ ಹೆಂಡತಿ ಗಿರಿಜ ಆ ಹಣ್ಣನ್ನು ಇಸಿದುಕೊಂಡು ಇನ್ನೊಂದು ಕಡೆ ಕತ್ತರಿಸಿ ಬಿಳಿ ತೋರಿಸಿದಳು. ಮರುದಿನವೇ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ನಮಗೆ ಹೊಸಬರೇನಲ್ಲ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಕಡೆಯ ಹುಡುಗಿ. ಅವರಪ್ಪ ತಮ್ಮ ಅಡಿಕೆಯನ್ನು ನಮ್ಮ ಮಂಡಿಗೇ ತರುತ್ತಾರೆ. ಸಣ್ಣವಳಿದ್ದಾಗ ಅಪ್ಪನ ಜೊತೆ ಬಂದು ಅಡಿಕೆ ಚೀಲದ ಮೇಲೆ ಕೂತು ಪೆಪ್ಪರಮೆಂಟು ತಿನ್ನುತ್ತಿದ್ದ ಮಗು ಈಗ ನನ್ನ ಬಾಯಿಗೆ ಲೈಟು ಬಿಟ್ಟುಕೊಂಡು ತಲೆ ಅಲ್ಲಾಡಿಸಿತು. ಹಲ್ಲಿನ ಮೇಲೆ ದಿನಾ ಕಟ್ಟುವ ಲೋಳೆಗೆ ಪ್ಲಾಕ್ ಎನ್ನುತ್ತಾರಂತೆ. ಅದನ್ನು ಹಾಗೇ ಬಿಟ್ಟರೆ ಗಟ್ಟಿಯಾಗಿ ಕಲ್ಲಾಗುತ್ತದೆ, ಕಲ್ಲಾದರೆ ವಸಡು ಹಿಂದೆ ಸರಿಯುತ್ತದೆ, ವಸಡು ಸರಿದರೆ ಹಲ್ಲು ಅಲ್ಲಾಡುತ್ತದೆ. ಇಷ್ಟು ಹೇಳಿ ಕ್ಲೀನಿಂಗ್ ಶುರು ಮಾಡಿದಳು. ನಮ್ಮ ಹಿತ್ತಲಲ್ಲಿ ಬೋರ್‌ವೆಲ್ ಕೊರೆದಾಗಲೂ ಅಷ್ಟು ಸದ್ದಾಗಿರಲಿಲ್ಲ, ಅಷ್ಟು ಕಲ್ಲೂ ಬಂದಿರಲಿಲ್ಲ. ಎಲ್ಲ ಮುಗಿದು ಬಾಯಿ ಮುಚ್ಚಿದಾಗ ಹಲ್ಲುಗಳ ನಡುವೆ ಗಾಳಿ ಓಡಾಡಿತು. ಯಾರದೋ ಮನೆಗೆ ಬಂದ ಹಾಗೆ ನಾಲಿಗೆ ಒಳಗೆಲ್ಲ ಸಂಕೋಚದಿಂದ ತಿರುಗಾಡಿತು.

ಎಲೆ ಅಡಿಕೆ ಬಿಡಬೇಕು ಎಂದು ಡಾಕ್ಟರಮ್ಮ ಹೇಳಿದಳು. ನಾನು ನಗುತ್ತಾ, ತಾಯೀ, ನೀನು ಹಲ್ಲಿನ ಡಾಕ್ಟರಾಗಿದ್ದೇ ಅಡಿಕೆಯಿಂದ, ಊರಿನವರೆಲ್ಲ ಬಿಟ್ಟರೆ ನಿಮ್ಮಪ್ಪ ಏನು ಬೆಳೆಯಬೇಕು, ನೀನು ಯಾರ ಹಲ್ಲು ತೊಳೆಯಬೇಕು ಎಂದು ಕೇಳಿದೆ. ಅವಳೂ ನಕ್ಕಳು. ಗಿರಿಜ ಮಾತ್ರ ನಗಲಿಲ್ಲ. ಹೊತ್ತು ಹೊತ್ತಿಗೆ ಸರಿಯಾಗಿ ಬ್ರಷ್ ಮಾಡುವುದೇ ಮುಖ್ಯ, ಅದರ ಜೊತೆಗೆ ಸ್ವಲ್ಪ ದಿನ ಬಾಯಿ ಮುಕ್ಕಳಿಸುವ ಔಷಧಿ ಬಳಸಿದರೆ ಒಳ್ಳೆಯದು ಎಂದು ಡಾಕ್ಟರಮ್ಮ ಒಂದು ಬಾಟಲಿ ಬರೆದುಕೊಟ್ಟಳು. ಮುಕ್ಕಳಿಸಿ ಉಗುಳಿದ ಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂದಳು. ಮುಂದಿನ ಸಲ ಬಂದಾಗ ಒಂದು ಗುಳಿಗೆ ಅಗಿಯಲು ಕೊಡುವುದಾಗಿಯೂ, ಎಲ್ಲೆಲ್ಲಿ ಪ್ಲಾಕ್ ಉಳಿದಿದೆಯೋ ಅಲ್ಲೆಲ್ಲ ಅದು ಕೆಂಪು ಬಣ್ಣ ಹಿಡಿಸಿ ತೋರಿಸುತ್ತದೆಂದೂ ಹೇಳಿದಳು. ಬಣ್ಣ ಹಚ್ಚಿ ಕಳ್ಳನನ್ನು ಹಿಡಿಯುವ ಈ ಉಪಾಯ ನನಗೆ ಬಹಳ ಹಿಡಿಸಿತು. ಕಳ್ಳ ನಾನೇ ಎಂಬುದು ಆಗ ತಲೆಗೆ ಹೋಗಲಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಬಾಟಲಿ ಕೇಳಿದರೆ ಅಂಗಡಿಯವನು ಬಾಟಲಿಗಳ ಒಂದು ಸಾಲನ್ನೇ ನನ್ನ ಮುಂದೆ ನಿಲ್ಲಿಸಿದ. ನೀಲಿ, ಹಸಿರು, ಗುಲಾಬಿ. ಡಾಕ್ಟರಮ್ಮ ಬರೆದದ್ದು ಗುಲಾಬಿ. ಪಕ್ಕದಲ್ಲೇ ಇನ್ನೊಂದು ಬಾಟಲಿಯ ಮೇಲೆ ಬೇವಿನ ಎಲೆಯ ಚಿತ್ರ, ನ್ಯಾಚುರಲ್ ಎಂದು ದೊಡ್ಡ ಅಕ್ಷರ. ಗಿರಿಜ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಎಲೆ ಬಾಟ್ಲಿ ಮೇಲೆ ಐತೋ, ಒಳಗೂ ಐತೋ?" ಎಂದು ಕೇಳಿದಳು. ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗಿದ. ಎಲೆಯೇ ಬೇಕಾದರೆ ಬಾಟಲಿಯದ್ದೇಕೆ, ತನ್ನ ತವರಿನಲ್ಲಿ ಬೇವಿನ ಮರಕ್ಕೆ ಬರವೇ ಎನ್ನುತ್ತಾ ಅವಳು ಅಲ್ಲಿಂದಲೇ ಜಗಳೂರಿನ ತಮ್ಮನಿಗೆ ಫೋನು ಮಾಡಿದಳು. ನಾನು ಗುಲಾಬಿ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಅವಳ ಹಿಂದೆ ನಡೆದೆ.

ಗಿರಿಜಳ ಕಷಾಯಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನೆಗಡಿಗೆ ಒಂದು, ಕೆಮ್ಮಿಗೆ ಒಂದು, ಮಂಡಿನೋವಿಗೆ ಒಂದು, ನಾನು ಸುಮ್ಮನೆ ಕೂತಿದ್ದರೆ ಅದಕ್ಕೂ ಒಂದು. ಮನೆಯಲ್ಲಿ ಕಾಯಿಲೆಯಾದರೆ ಮೊದಲು ಭಯವಾಗುವುದು ಕಾಯಿಲೆಗೆ ಅಲ್ಲ, ಒಲೆಯ ಮೇಲೆ ಏರುವ ಪಾತ್ರೆಗೆ. ಜಗಳೂರಿನಿಂದ ಬಸ್ಸಿನ ಕಂಡಕ್ಟರ ಕೈಯಲ್ಲಿ ಮೂರನೆಯ ದಿನವೇ ಒಂದು ಗಂಟು ಬಂತು. ಬೇವಿನ ಸೊಪ್ಪು, ಜಾಲಿ ಮರದ ಚಕ್ಕೆ, ಇನ್ನೂ ಏನೇನೋ ಬೇರು. ಅದಕ್ಕೆ ಲವಂಗ, ಉಪ್ಪು ಹಾಕಿ ಅವಳು ಕುದಿಸಿದಳು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಇಳಿಸಿ ಸೋಸಿದಾಗ ಕಂದು ಬಣ್ಣದ ನೀರು. ನಾಲಿಗೆಯ ತುದಿಗೆ ಒಂದು ಹನಿ ತಾಗಿಸಿದೆ. ಕಿವಿಯವರೆಗೂ ಕಹಿಯಾಯಿತು.

ಈ ವಿಷಯ ನ್ಯಾಮತಿಗೂ ಹೋಯಿತು. ನ್ಯಾಮತಿಯಲ್ಲಿ ನನ್ನ ಷಡ್ಡಕನಿದ್ದಾನೆ, ಅಂದರೆ ಗಿರಿಜಳ ಅಕ್ಕನ ಗಂಡ. ನ್ಯಾಮತಿ ತಾಲ್ಲೂಕಾದ ಮೇಲೆ ಅವನ ಮಾತಿಗೂ ತಹಶೀಲ್ದಾರರ ಗತ್ತು ಬಂದಿದೆ. ಎರಡೂ ಬೇಡ, ಬೆಳಿಗ್ಗೆ ಎದ್ದು ಬಾಯಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಂಡು ತಿರುಗಾಡು ಎಂದು ಅಪ್ಪಣೆ ಮಾಡಿದ. ತಾನು ಹಾಗೆಯೇ ಮಾಡುತ್ತಾನಂತೆ. ಅವನು ಬೆಳಗಿನ ಹೊತ್ತು ಫೋನಿನಲ್ಲಿ ಬರೀ ಹ್ಞೂಂ, ಹ್ಞೂಂ ಎನ್ನುವುದನ್ನು ಕೇಳಿ ಇಷ್ಟು ದಿನ ನಾನು ಸೊಕ್ಕು ಎಂದುಕೊಂಡಿದ್ದೆ, ಎಣ್ಣೆ ಎಂದು ಆಗ ತಿಳಿಯಿತು. ಒಂದು ಬಾಯಿಗೆ ಎರಡೇ ಸಾಕಾಗಿ ಹೋಗಿತ್ತು, ಮೂರನೆಯದನ್ನು ನಾನು ಸೇರಿಸಿಕೊಳ್ಳಲಿಲ್ಲ.

ಬಾಟಲಿಯೋ ಕಷಾಯವೋ ಎಂದು ಎರಡು ದಿನ ಮನೆಯಲ್ಲಿ ಅದೇ ಮಾತು. ಕೊನೆಗೆ ಪಂದ್ಯ ಕಟ್ಟಿದ್ದು ಅವಳೇ. ಬಾಟಲಿ ಗೆದ್ದರೆ ತಾನು ಇನ್ನು ಮೇಲೆ ನನಗೆ ಯಾವ ಕಷಾಯವನ್ನೂ ಕಾಯಿಸುವುದಿಲ್ಲ. ಕಷಾಯ ಗೆದ್ದರೆ ನಾನು ಸಂಚಿಯನ್ನು ಅವಳ ಕೈಗೆ ಕೊಡಬೇಕು, ಮತ್ತೆ ಕೇಳಬಾರದು. ಜೀವನದಲ್ಲಿ ಇನ್ನು ಕಷಾಯವಿಲ್ಲ ಎಂಬುದನ್ನು ನೆನೆಸಿಕೊಂಡೇ ನನಗೆ ಬಾಯಲ್ಲಿ ನೀರೂರಿತು. ಆದರೂ ಸಂಚಿಯ ಮೇಲೇ ಏಕೆ ಕಣ್ಣು, ನಿಮ್ಮಪ್ಪ ಕೊಟ್ಟಿದ್ದಲ್ಲವೇ ಎಂದು ಕೇಳಿದೆ.

"ಅಪ್ಪ ಕೊಟ್ಟಿದ್ದು ಹೌದು," ಎಂದಳು. "ನಮ್ಮ ಚಿಕ್ಕಪ್ಪನ್ನ ನೋಡೀರಲ್ಲ ನೀವು."

ನೋಡಿದ್ದೇನೆ. ಅವಳ ಚಿಕ್ಕಪ್ಪ ದಿನವಿಡೀ ಅಡಿಕೆ ಜಗಿಯುವವರು. ಬರಬರುತ್ತಾ ಅವರ ಬಾಯಿ ಬಿಗಿದುಕೊಂಡು ತೆರೆಯುವುದೇ ಕಷ್ಟವಾಯಿತು. ಎರಡು ಬೆರಳು ಹೋಗದಷ್ಟು ಸಣ್ಣಗಾಯಿತು. ರೊಟ್ಟಿಯೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಕೊನೆಗೆ ಅಂಬಲಿ ಕುಡಿದುಕೊಂಡಿದ್ದರು. ಮದುವೆಗೆ ಮುಂಚೆ ಅವರಿಗೆ ಅಂಬಲಿ ಮಾಡಿ ಕೊಡುತ್ತಿದ್ದವಳು ಗಿರಿಜಳೇ. ಅಷ್ಟು ಹೇಳಿ ಅವಳು ಒಳಗೆ ಹೋದಳು. ನಾನು ಸಂಚಿಯ ಹಗ್ಗವನ್ನು ಎಳೆಯುತ್ತಾ, ಬಿಡುತ್ತಾ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎಂದಿನಂತೆ ಒಂದು ಎಲೆ ತೆಗೆದು ಸುಣ್ಣ ಹಚ್ಚಿದೆ. ಮನಸ್ಸಿಗೆ ಕಸಿವಿಸಿಯಾದಾಗ ಕೈ ತಾನಾಗಿಯೇ ಮಾಡುವ ಕೆಲಸ ಅದು.

ಪಂದ್ಯದ ಕರಾರು ಮೊದಲು ಸರಳವಾಗಿತ್ತು. ನಾನು ಬಾಟಲಿ ಬಳಸುವುದು, ಅವಳು ಕಷಾಯ ಬಳಸುವುದು, ಇಬ್ಬರೂ ಡಾಕ್ಟರಮ್ಮನ ಮುಂದೆ ಬಾಯಿ ತೆರೆಯುವುದು. ಇದಕ್ಕೆ ತಕರಾರು ತೆಗೆದವನು ನಾನೇ. ಅಡಿಕೆ ನೋಡುವವನಿಗೆ ಮೋಸ ಬೇಗ ಕಾಣುತ್ತದೆ. ಎಲೆ ಅಡಿಕೆ ಹಾಕುವ ಬಾಯಿಗೂ ಹಾಕದ ಬಾಯಿಗೂ ಎಲ್ಲಿಯ ಹೋಲಿಕೆ, ಇದು ನ್ಯಾಯವಲ್ಲ, ಎರಡು ಔಷಧಿಯನ್ನೂ ಒಂದೇ ಬಾಯಲ್ಲಿ ನೋಡಬೇಕು, ಆಗ ಅಡಿಕೆಯ ತಾಪತ್ರಯ ಎರಡಕ್ಕೂ ಸಮನಾಗಿ ಇರುತ್ತದೆ ಎಂದು ವಾದಿಸಿದೆ. ಒಂದು ಕೆನ್ನೆಗೆ ಬಾಟಲಿ, ಇನ್ನೊಂದು ಕೆನ್ನೆಗೆ ಕಷಾಯ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಹೇಳಿದಾಗ ಅವಳು ನಕ್ಕು, ಕಾಲೇಜಿನಲ್ಲಿ ಹೀಗೆ ಅರ್ಧ ಬಾಯಿಗೆ ಒಂದು, ಇನ್ನರ್ಧಕ್ಕೆ ಇನ್ನೊಂದು ಹಚ್ಚಿ ನೋಡುವುದುಂಟು, ಆದರೆ ಮುಕ್ಕಳಿಸುವ ನೀರಿನಲ್ಲಿ ಅದು ಸಾಧ್ಯವಿಲ್ಲ, ನೀರು ಎಲ್ಲ ಕಡೆಗೂ ಓಡಾಡುತ್ತದೆ ಎಂದಳು. ಆ ಮಗುವಿಗೆ ಬೇರೆಯವರ ಬಾಯಿ ಗೊತ್ತಿರಬಹುದು, ಮಂಡಿಯವರ ಬಾಯಿ ಗೊತ್ತಿಲ್ಲ. ನಾವು ಬೆಳಿಗ್ಗೆ ಒಂದು ಕೆನ್ನೆಯಲ್ಲಿ ಇಟ್ಟದ್ದನ್ನು ಇನ್ನೊಂದು ಕಡೆ ಸರಿಯಲು ಬಿಡದೆ, ಅದೇ ಬಾಯಲ್ಲಿ ರೇಟು ಮಾತಾಡಿ, ಜಗಳವಾಡಿ, ರಾಜಿಯೂ ಮಾಡಿಕೊಳ್ಳುವವರು. ಅಲ್ಲೇ ಒಂದು ಗುಟುಕು ನೀರು ಕೇಳಿ, ಬಲಗೆನ್ನೆಯಲ್ಲಿ ಇಟ್ಟುಕೊಂಡು, ತಲೆ ವಾಲಿಸಿ, ಗುಳುಗುಳು ಎನಿಸಿ, ಒಂದು ಹನಿಯೂ ಆಚೆ ಹೋಗದಂತೆ "ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ" ಎಂದು ಸ್ಪಷ್ಟವಾಗಿ ಹೇಳಿ ತೋರಿಸಿದೆ. ಡಾಕ್ಟರಮ್ಮ ಕೈಮುಗಿದಳು. ಇದರಿಂದ ಗೆದ್ದದ್ದು ಸೋತದ್ದು ಏನೂ ಸಾಬೀತಾಗುವುದಿಲ್ಲ ಅಂಕಲ್, ನಿಮಗೆ ಖುಷಿಯಾದರೆ ಮಾಡಿ, ಬ್ರಷ್ ಮಾತ್ರ ಬಿಡಬೇಡಿ ಎಂದಳು.

ಯಾವ ಕೆನ್ನೆ ಯಾರಿಗೆ ಎಂಬ ಪ್ರಶ್ನೆ ಬಂತು. ನಾನು ಉದಾರವಾಗಿ, ನೀನೇ ಆರಿಸಿಕೋ ಎಂದೆ. ಗಿರಿಜ ಸೆರಗು ಸರಿಮಾಡಿಕೊಂಡು, "ನನಗೆ ಬಲಗಡೆ ಇರ್ಲಿ. ಬಲ ಅಂದ್ರೆ ಶುಭ," ಎಂದಳು. ಹೊಸ ಮನೆಗೆ ಬಲಗಾಲು, ಪ್ರಸಾದಕ್ಕೆ ಬಲಗೈ, ಕಷಾಯಕ್ಕೆ ಬಲಗೆನ್ನೆ. ಸರಿಯಾಗಿಯೇ ಇದೆ ಎನಿಸಿತು. ಅಶುಭ ಎನಿಸಿದ ಎಡಗೆನ್ನೆಯನ್ನು ನಾನು ಬಾಟಲಿಗೆ ಕೊಟ್ಟೆ.

ಅಲ್ಲಿಂದ ನನ್ನ ಬೆಳಗು ಬೈಗುಗಳು ಬಚ್ಚಲಿನಲ್ಲೇ ಕಳೆದವು. ಮೊದಲು ಎಡಕ್ಕೆ ವಾಲಿ ಬಾಟಲಿ, ಉಗುಳು. ಆಮೇಲೆ ಬಲಕ್ಕೆ ವಾಲಿ ಕಷಾಯ, ಉಗುಳು. ಬಾಟಲಿಯದ್ದು ಮೊದಲು ಸಿಹಿ ಎನಿಸಿ ಆಮೇಲೆ ಉರಿಯುತ್ತಿತ್ತು. ಕಷಾಯ ಮೊದಲೂ ಕಹಿ, ಆಮೇಲೂ ಕಹಿ, ಆ ವಿಷಯದಲ್ಲಿ ಅದು ಪ್ರಾಮಾಣಿಕ. ಗಿರಿಜ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು, ಬಲಗಡೆಗೆ ಸರಿಯಾಗಿ ಮುಕ್ಕಳಿಸುತ್ತೇನೋ ಇಲ್ಲವೋ ಎಂದು. ಕತ್ತು ಎರಡೂ ಕಡೆ ವಾಲಿ ವಾಲಿ ನೋವು ಬಂತು. ಅದಕ್ಕೂ ಒಂದು ಕಷಾಯವಾಯಿತು.

ಡಾಕ್ಟರಮ್ಮ ಹೇಳಿದ ಅರ್ಧ ಗಂಟೆಯ ನಿಯಮವನ್ನು ನಾನು ಪಾಲಿಸಿದ ಹಾಗೆ ಯಾರೂ ಪಾಲಿಸಿರಲಿಕ್ಕಿಲ್ಲ. ಟೀ ಆರಿ ಕೆನೆಗಟ್ಟುತ್ತಿದ್ದರೂ ಮುಟ್ಟುತ್ತಿರಲಿಲ್ಲ. ಒಮ್ಮೆ ಎದುರುಮನೆಯವರು ಬಿಸಿ ಬಿಸಿ ಹೋಳಿಗೆ ತಂದು ಕೊಟ್ಟರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಗಡಿಯಾರ ನೋಡುತ್ತಾ ಅರ್ಧ ಗಂಟೆ ಕೂತೆ. ನೀರು ಸಹ ಕುಡಿಯಲಿಲ್ಲ. ಬಾಯಿ ತೀರಾ ಖಾಲಿ ಖಾಲಿ, ಒಂಥರಾ ಉರಿ, ಒಂಥರಾ ಕಹಿ. ಅದು ಹೋಗಲಿ ಎಂದು ಒಂದು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದೆ, ಅಷ್ಟೇ.

ಅತ್ತ ಮಂಡಿಯಲ್ಲಿ ಇನ್ನೊಂದು ಕಷ್ಟ ಬಂತು. ಆ ಗುಲಾಬಿ ನೀರು ನಾಲಿಗೆಯ ರುಚಿಯನ್ನು ಸ್ವಲ್ಪ ಮಂಕು ಮಾಡುತ್ತದೆ, ಅದಕ್ಕೇ ಬಹಳ ದಿನ ಬಳಸಬಾರದು ಎಂದು ಡಾಕ್ಟರಮ್ಮ ಹೇಳಿದ್ದಳು. ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ದಿನ ಒಬ್ಬ ರೈತರ ಅಡಿಕೆ ಕತ್ತರಿಸಿ, ಕಡಿದು, ಕಣ್ಣು ಮುಚ್ಚಿ ಯೋಚಿಸಿ, ಚೆನ್ನಾಗಿದೆ, ಈ ಸಲದ್ದು ಎಂದೆ. ಆ ಮನುಷ್ಯ ಗಾಬರಿಯಾಗಿ, "ಇಲ್ಲ ಬಸಣ್ಣ, ಇದು ಹೋದ ವರ್ಷದ್ದು," ಎಂದುಬಿಟ್ಟರು. ನನ್ನ ಇಡೀ ಕಸುಬಿನಲ್ಲಿ ಒಬ್ಬ ರೈತರು ತಮ್ಮ ಅಡಿಕೆಯ ಬಗ್ಗೆ ನಿಜ ಹೇಳಿದ್ದು ಅದೇ ಮೊದಲು. ಮಾಲೀಕರು ನನ್ನ ಮುಖ ನೋಡಿದರು. ಬೇಗ ಈ ಪಂದ್ಯ ಮುಗಿಯಲಿ ದೇವರೇ ಎಂದುಕೊಂಡ ನಾನು ಆ ದಿನವೆಲ್ಲ ಮೂಗನ್ನೇ ನಂಬಿ ಕೆಲಸ ಮಾಡಿದೆ.

ತೀರ್ಮಾನದ ದಿನ ಗಿರಿಜ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ನಾನು ಸಂಚಿಯನ್ನು ಅಂಗಿಯ ಒಳಗಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಲ್ಲಿಯೇ ಇರುತ್ತದೆ, ಸಂಜೆ ಅದರ ಜೊತೆಯಲ್ಲೇ ಮನೆಗೆ ಹಿಂತಿರುಗುತ್ತೇನೆ ಎಂಬ ಧೈರ್ಯವೂ ಇತ್ತು, ಒಂದು ಸಲ ಮುಟ್ಟಿ ನೋಡಿಕೊಳ್ಳುವಷ್ಟು ಅಳುಕೂ ಇತ್ತು. ಡಾಕ್ಟರಮ್ಮ ಕೊಟ್ಟ ಗುಳಿಗೆ ಅಗಿದು, ನೀರು ಮುಕ್ಕಳಿಸಿ, ಕುರ್ಚಿಯಲ್ಲಿ ಒರಗಿದೆ. ಲೈಟು ಬಿತ್ತು. ಇಬ್ಬರು ಹೆಂಗಸರೂ ನನ್ನ ಬಾಯಿಯ ಮೇಲೆ ಬಗ್ಗಿದರು. ಹೊಸ ಸೊಸೆ ತಂದ ಸೀರೆ ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕನ್ನಡಿ ಬಂತು. ಬಲಗಡೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಎಡಗಡೆ ಮೇಲಿನಿಂದ ಕೆಳಗಿನವರೆಗೆ ಕುಂಕುಮದ ಬಟ್ಟಲು ಚೆಲ್ಲಿದ ಹಾಗಿತ್ತು.

ಗಿರಿಜ ಅಲ್ಲಿಂದಲೇ ಜಗಳೂರಿಗೆ ಫೋನು ಹಚ್ಚಿದಳು. ನಿಮ್ಮ ಬೇವು ಗೆದ್ದಿತು, ನಿಮ್ಮ ಜಾಲಿ ಗೆದ್ದಿತು ಎಂದು ತಮ್ಮನಿಗೆ ವರದಿ ಹೋಯಿತು. ಅವನು ಅಲ್ಲಿ ಯಾರು ಯಾರಿಗೋ ಕೂಗಿ ಹೇಳುವುದು ನನಗೂ ಕೇಳಿಸಿತು. ನಾನು ಕುರ್ಚಿಯ ಮೇಲೆ ಎದ್ದು ಕೂತು ಜಗಳಕ್ಕೆ ನಿಂತೆ. ಬಾಟಲಿಯ ತಾರೀಖು ಮುಗಿದಿರಬೇಕು ಎಂದೆ. ಮುಗಿದಿರಲಿಲ್ಲ. ಬೇವಿನ ಕಷಾಯವೇ ಕದ್ದು ಎಡಗಡೆಗೆ ಬಂದು ಬಾಟಲಿಯ ಕೆಲಸ ಕೆಡಿಸಿರಬೇಕು ಎಂದೆ. ಹಾಗಾದರೆ ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ ಎಂದು ತೋರಿಸಿದ್ದು ಏನು ಎಂದು ಗಿರಿಜ ಕೇಳಿದಳು. ಡಾಕ್ಟರಮ್ಮನಿಗೂ ಆಶ್ಚರ್ಯವಾಗಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂಬುದು ಇರಲಿ, ತಾನು ಬರೆದುಕೊಟ್ಟ ಔಷಧಿ ಸ್ವಲ್ಪವಾದರೂ ಕೆಲಸ ಮಾಡಲೇಬೇಕಿತ್ತು ಎಂದು ಹುಬ್ಬು ಗಂಟಿಕ್ಕಿದಳು.

"ಅಂಕಲ್, ಮುಕ್ಕಳಿಸಿದ ಮೇಲೆ ಏನಾದ್ರೂ ತಿಂದ್ರಾ?"

"ಏನೂ ಇಲ್ಲ ತಾಯೀ. ಹೋಳಿಗೆ ಮುಂದಿಟ್ಕೊಂಡು ಸುಮ್ನೆ ಕೂತೀನಿ."

"ಟೀ ಕುಡದ್ರಾ?"

"ನೀರು ಸತೆ ಕುಡದಿಲ್ಲ."

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಮೆಲ್ಲಗೆ, "ಎಲೆ ಅಡಿಕೆ?" ಎಂದು ಕೇಳಿದಳು.

"ಅದು ಹಾಕಿದ್ದೆ," ಎಂದೆ. "ತಿಂದಿದ್ದು ಏನೂ ಇಲ್ಲ."

ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ಆಗ ತಿಳಿಯಲಿಲ್ಲ. ಎಲೆ ಅಡಿಕೆಯನ್ನು ಯಾರಾದರೂ ತಿನ್ನುವುದರ ಲೆಕ್ಕಕ್ಕೆ ಸೇರಿಸುತ್ತಾರೆಯೇ? ನಮ್ಮ ಮನೆಯಲ್ಲಿ ಶಿವರಾತ್ರಿಯ ಉಪವಾಸಕ್ಕೂ ಎಲೆ ಅಡಿಕೆ ನಡೆಯುತ್ತಿತ್ತು. ಊಟ ಮಾಡಿದಿರಾ ಎಂದರೆ ಇಲ್ಲ, ಬರೀ ಎಲೆ ಅಡಿಕೆ ಹಾಕಿದೆ ಎನ್ನುತ್ತೇವೆ. ಈ ಸಾಸ್ವೆಹಳ್ಳಿಯ ಹುಡುಗಿಗೂ ಇದೆಲ್ಲ ಗೊತ್ತು, ಗೊತ್ತಿದ್ದೂ ಅರ್ಧ ಗಂಟೆ ಏನೂ ತಿನ್ನಬೇಡಿ ಎಂದು ಮಾತ್ರ ಹೇಳಿದ್ದು ಅವಳದೇ ತಪ್ಪಲ್ಲವೇ? ಹೀಗೆಂದು ನಾನು ಹೇಳುತ್ತಿರುವಾಗಲೇ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಎಲೆ ಅಡಿಕೆ ಯಾವ ಕಡೆ ಹಾಕುತ್ತೀರಿ?

ನಾನು ಉತ್ತರ ಹೇಳಬೇಕಾಗಿಯೇ ಬರಲಿಲ್ಲ. ನಾಲಿಗೆ ತಾನಾಗಿಯೇ ತನ್ನ ಹಳೆಯ ಜಾಗಕ್ಕೆ ಹೋಯಿತು. ಎಡಗೆನ್ನೆ ಮೆಲ್ಲಗೆ ಊದಿತು. ಗಿರಿಜ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಗ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸೋಲುತ್ತಿದ್ದವನಿಗೆ ಒಮ್ಮೆಲೇ ಗೆಲುವು ಕಂಡಿತು. ಕುರ್ಚಿಯಿಂದ ಕೆಳಗೆ ಇಳಿದು, ಬೆರಳೆತ್ತಿ, ಇಡೀ ಆಸ್ಪತ್ರೆಗೆ ಕೇಳಿಸುವ ಹಾಗೆ ಸಾರಿದೆ.

"ನೋಡಿದ್ಯಾ ಗಿರಿಜ? ಬಾಟ್ಲಿದು ಏನೂ ತಪ್ಪಿಲ್ಲ. ಹಲ್ಲು ಕೆಡ್ಸಿದ್ದೆಲ್ಲ ಅಡಿಕೆ."

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಗಿರಿಜ ಹಲ್ಲಿನ ಚಿತ್ರದಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದಳು.

"ಹಂಗಂತೀರಾ?" ಎಂದಳು. "ಹಂಗಾದ್ರೆ ಸಂಚಿ ಕೊಡ್ರಿ."

ಬಾಯಿಂದ ಹೊರಟದ್ದನ್ನು ಮತ್ತೆ ಒಳಗೆ ಹಾಕಿಕೊಳ್ಳಲು ಮಂಡಿಯವನಿಗೂ ಬರುವುದಿಲ್ಲ. ಬಾಟಲಿ ಸೋತಿತು ಎಂದರೆ ಪಂದ್ಯದ ಪ್ರಕಾರ ಸಂಚಿ ಹೋಗುತ್ತದೆ. ಸೋಲಲಿಲ್ಲ ಎಂದರೆ, ಸೋಲಿಸಿದ್ದು ಸಂಚಿಯೊಳಗಿನದೇ ಎಂದು ನಾನೇ ಡಾಕ್ಟರ ಎದುರಿಗೆ ಸಾಕ್ಷಿ ಹೇಳಿಯಾಗಿದೆ. ಯಾವ ಕಡೆ ವಾಲಿದರೂ ಒಂದೇ. ಅಂಗಿಯೊಳಗೆ ಕೈ ಹಾಕಿ ಸಂಚಿ ತೆಗೆದೆ. ಅವಳು ಅದನ್ನು ಇಸಿದುಕೊಂಡು, ಹಗ್ಗ ಬಿಗಿದು, ತನ್ನ ವ್ಯಾನಿಟಿ ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದಳು. ಎರಡರಲ್ಲಿ ಯಾವುದು ಗೆದ್ದಿತು ಎಂದು ಇದರಿಂದ ಹೇಳಲು ಬರುವುದಿಲ್ಲ, ಕಷಾಯವಾಗಲಿ ಬಾಟಲಿಯಾಗಲಿ ಬ್ರಷ್ಷಿನ ಬದಲಿಗೆ ಅಲ್ಲ, ಬಾಟಲಿಯನ್ನು ಇನ್ನು ನಿಲ್ಲಿಸಿ ಎಂದೆಲ್ಲ ಡಾಕ್ಟರಮ್ಮ ಹೇಳುತ್ತಿದ್ದಳು. ನಮ್ಮಿಬ್ಬರಲ್ಲಿ ಯಾರಿಗೂ ಅದು ಕಿವಿಗೆ ಬೀಳುತ್ತಿರಲಿಲ್ಲ.

ಮನೆಗೆ ನಡೆದು ಬರುವಾಗ, ಸಂತೆ ಮೈದಾನ ದಾಟಿದ ಮೇಲೆ, ಬಲ ಅಂದರೆ ಶುಭ ಎಂದಿದ್ದೆಯಲ್ಲ, ನಿಜವಾಗಿಯೂ ಅಷ್ಟಕ್ಕೇ ಆರಿಸಿಕೊಂಡೆಯಾ ಎಂದು ಕೇಳಿದೆ.

"ಮದುವೆ ಫೋಟೊ ದಿನಾ ಒರಸೋಳು ನಾನೇ ಅಲ್ವೇನ್ರಿ," ಎಂದಳು ಗಿರಿಜ. "ಎಡಗೆನ್ನೆ ಊದಿದ್ದು ನನಗೆ ಕಾಣಲ್ವಾ?"

ಸಂಚಿ ಈಗ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಎಲೆಯ ಜೇಬಿನಲ್ಲಿ ಲವಂಗ, ಅಡಿಕೆಯ ಜೇಬಿನಲ್ಲಿ ಜಾಲಿ ಚಕ್ಕೆ. ನಾನು ಎಲೆ ಅಡಿಕೆ ಬಿಟ್ಟೆ. ಮೊದಮೊದಲು ಮಂಡಿಗೆ ಬಂದವರು ನನ್ನ ಚಪ್ಪಟೆ ಕೆನ್ನೆ ನೋಡಿ ಮೈಗೆ ಹುಷಾರಿಲ್ಲವಾ ಎಂದು ವಿಚಾರಿಸಿದರು. ಡಾಕ್ಟರಮ್ಮನ ಅಪ್ಪನೇ ಒಮ್ಮೆ ಎಲೆಗೆ ಸುಣ್ಣ ಹಚ್ಚಿ ನನ್ನ ಕಡೆ ಚಾಚಿದರು. ನಿಮ್ಮ ಮಗಳು ಬೇಡ ಎಂದಿದ್ದಾಳೆ ಎಂದೆ. ಅವರು, ಅವಳು ನನಗೂ ಹಾಗೇ ಹೇಳುತ್ತಾಳೆ ಎಂದು ತಮ್ಮ ಬಾಯಿಗೇ ಹಾಕಿಕೊಂಡರು. ದಿನಾ ಸಂಜೆ ನಾನು ಮನೆಗೆ ಬಂದರೆ ಗಿರಿಜ ಹೊಸ್ತಿಲಲ್ಲೇ ನಿಲ್ಲಿಸಿ, ಆ ಅನ್ರಿ ಎಂದು ಬಾಯಿ ತೆಗೆಸಿ, ಎಡಗೆನ್ನೆ, ಬಲಗೆನ್ನೆ ಎರಡನ್ನೂ ನೋಡಿಯೇ ಒಳಗೆ ಬಿಡುತ್ತಿದ್ದಳು. ಎರಡೂ ಸ್ವಚ್ಛ. ನಾನು ತಲೆಯೆತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಅದೇ ದಿನಗಳಲ್ಲಿ ಮಂಡಿಯ ಮಾಲೀಕರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳಿದರು. ಬಸಣ್ಣನ ಶ್ರದ್ಧೆ ನೋಡಿ, ಈಗೀಗ ಒಂದೊಂದು ಚೀಲದಲ್ಲೂ ಎರಡೆರಡು ಸಲ ಅಡಿಕೆ ಕಡಿದು ನೋಡುತ್ತಾರೆ, ಅನುಮಾನ ಬಂದರೆ ಇನ್ನೊಂದು ಸಲವೂ ನೋಡುತ್ತಾರೆ ಎಂದರು. ಅನುಮಾನ ಈಗೀಗ ಜಾಸ್ತಿಯಾಗಿದ್ದುದು ನಿಜ. ಆದರೆ ಅದು ಕಸುಬು. ಮೊದಲೇ ಹೇಳಿದೆನಲ್ಲ, ಕಸುಬಿಗೆ ಕಡಿಯುವುದು ಬೇರೆ, ಖುಷಿಗೆ ಜಗಿಯುವುದು ಬೇರೆ. ಅದೂ ಅಲ್ಲದೆ ನಾನು ಕಡಿಯುವುದು ಮುಂದಿನ ಹಲ್ಲಿನಲ್ಲಿ. ಪಂದ್ಯದ ಮಾತುಕತೆಯಲ್ಲಿ ಎಡ ಇತ್ತು, ಬಲ ಇತ್ತು, ಮಧ್ಯದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಮೊನ್ನೆ ಸಂಜೆ ಎಂದಿನಂತೆ ಹೊಸ್ತಿಲಲ್ಲಿ ಬಾಯಿ ತೆರೆದು ನಿಂತೆ. ಗಿರಿಜ ನೋಡಿದಳು. ಆದರೆ ದಾರಿ ಬಿಡಲಿಲ್ಲ.

"ಎಡ ಆತು, ಬಲ ಆತು," ಎಂದಳು. "ಈಗ ಸ್ವಲ್ಪ ನಗ್ರಿ ನೋಡಾನ."

ಸಾವಿನ ಮನೆಯಲ್ಲೂ ಮೆಲ್ಲಗೆ ಒಂದು ಮಾತು ಹೇಳಿ ನಗಿಸಿ ಬೈಸಿಕೊಂಡವನು ನಾನು. ಮದುವೆಯಾದಾಗಿನಿಂದ ಅವಳು ನನಗೆ ನಗಬೇಡಿ ಎಂದು ಹೇಳಿದ್ದೇ ಹೆಚ್ಚು, ನಗಿ ಎಂದದ್ದು ಅದೇ ಮೊದಲು. ತುಟಿ ಬಿಗಿಹಿಡಿದು ಗಂಭೀರವಾಗಿ ನಿಂತೆ. ಈಗಿನ ಕಾಲದಲ್ಲಿ ನಗುವಂಥದ್ದು ಏನಿದೆ ಎಂದು ತುಟಿ ತೆರೆಯದೆಯೇ ಹೇಳಿದೆ. ಅವಳಿಗೆ ಅದು ಷಡ್ಡಕನ ಹ್ಞೂಂ ಹ್ಞೂಂ ತರಹ ಕೇಳಿಸಿತೋ ಏನೋ, ಏನ್ರೀ, ನೀವೂ ಎಣ್ಣೆ ಇಟ್ಟುಕೊಂಡಿದ್ದೀರಾ ಎಂದಳು. ನನಗೆ ತಡೆಯಲಾಗಲಿಲ್ಲ. ಬಾಯಿ ತುಂಬ ನಕ್ಕುಬಿಟ್ಟೆ, ಕೆಂಪಾದ ಮುಂದಿನ ಹಲ್ಲುಗಳೆಲ್ಲ ಕಾಣುವ ಹಾಗೆ.

ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವಳು ಹಲ್ಲಿನ ಬಣ್ಣ ನೋಡುತ್ತಲೇ ಇರಲಿಲ್ಲ. ತನ್ನ ಎರಡು ಬೆರಳು ಜೋಡಿಸಿ, ನಗುತ್ತಿದ್ದ ನನ್ನ ಬಾಯಿಯ ಮುಂದೆ ಹಿಡಿದು, ಅದು ಎಷ್ಟು ಅಗಲ ತೆರೆದಿದೆ ಎಂದು ನೋಡಿದಳು. ಆಮೇಲೆ ಮೂರು ಬೆರಳು ಹಿಡಿದು ನೋಡಿದಳು. "ಇನ್ನೂ ಹೋಗ್ತೈತೆ," ಎಂದಳು. "ಬರ್ರಿ, ರೊಟ್ಟಿ ಆರ್ತಾವೆ." ನನ್ನ ನಗು ಅಲ್ಲಿಗೇ ನಿಂತಿತು. ಅವಳ ಹಿಂದೆ ಒಳಗೆ ಹೋಗಿ ತಟ್ಟೆಯ ಮುಂದೆ ಕೂತೆ. ರೊಟ್ಟಿಯ ಒಂದು ತುಂಡು ಬಾಯಿಗಿಟ್ಟುಕೊಂಡಾಗ ಅವಳ ಚಿಕ್ಕಪ್ಪ ನೆನಪಾದರು.

ಅವತ್ತಿನಿಂದ ನಾನು ಮಂಡಿಯಲ್ಲಿ ಅಡಿಕೆಯನ್ನು ಕಡಿಯುವುದಿಲ್ಲ. ಕತ್ತರಿಸಿ, ಬಣ್ಣ ನೋಡಿ, ಮೂಸುತ್ತೇನೆ, ಅಷ್ಟೇ. ಮೂಗು ನನ್ನನ್ನು ಕಷ್ಟಕಾಲದಲ್ಲಿ ಕೈಬಿಟ್ಟಿರಲಿಲ್ಲ, ಈಗಲೂ ಬಿಟ್ಟಿಲ್ಲ. ಆದರೆ ಒಂದು ಚೀಲದ ಮೇಲೆ ಬಗ್ಗಿದರೆ ಬಸಣ್ಣ ಏಳುವುದೇ ಇಲ್ಲ, ಹಿಂದೆ ಗಾಡಿಗಳ ಸಾಲು ನಿಲ್ಲುತ್ತಿದೆ ಎಂದು ಮಾಲೀಕರು ದೂರು ಹೇಳತೊಡಗಿದ್ದಾರೆ. ಈ ದೂರು ಮನೆಯವರೆಗೆ ಹೋಗದಿದ್ದರೆ ಸಾಕು. ಮೂಗಿಗೆ ಹಾಕುವ ಕಷಾಯವೂ ಜಗಳೂರಿನಲ್ಲಿ ಇದೆಯಂತೆ.